ಎಕ್ಸ್‌ರೇ ಕೋಣೆಯ ಬಾಗಿಲ ಹಿಂದೆ

"ಅಲ್ಲಾಡಬ್ಯಾಡ್ರಿ. ನಾ ಬಾಗಿಲ ಹಿಂದನ ಅದೀನಿ."

ರಾಯಚೂರಿನ ಹಲ್ಲಿನ ದವಾಖಾನೆಯಲ್ಲಿ ಎಕ್ಸ್‌ರೇ ತೆಗೆಯುವ ಶಶಿಕಲಾ ಎಲ್ಲರಿಗೂ ಹೇಳುವ ಮಾತನ್ನೇ ಅವನಿಗೂ ಹೇಳಿದಳು. ಮಾನ್ವಿಯ ಶಾಲಾ ಮಾಸ್ತರ ಆನಂದ ಊದಿದ ಕೆನ್ನೆ ಹಿಡಿದುಕೊಂಡೇ ನಕ್ಕ.

"ಓಡಿ ಹೋಗಂಗಿಲ್ಲ ಅಂದ್ರ ಕುಂದರ್ತೀನ್ರಿ."

ಆ ನಗುವಿಗೆ ಅವಳ ಎದೆ ಯಾಕೋ ಝಲ್ಲೆಂದಿತು…

ಮೇಲಿಂದ ನೋಡಿದರೆ ಅವನ ಹಲ್ಲು ಗಟ್ಟಿಯಾಗಿಯೇ ಇತ್ತು. ಎಕ್ಸ್‌ರೇಯಲ್ಲಿ ಮಾತ್ರ ಬೇರಿನ ತುದಿಗೆ ಕಪ್ಪು ಕಲೆ ಕಂಡಿತು. "ಒಳಗ ಕೀವು ಅದ. ನಾಕೈದು ಸಲ ಬರಬೇಕಾಗ್ತದ," ಎಂದರು ಡಾಕ್ಟರ್ ಸೌಭಾಗ್ಯ. ಶಶಿಕಲಾಗೆ ಒಳಗೊಳಗೇ ಖುಷಿ. ಪಾಪ, ಅವನ ಹಲ್ಲುನೋವು ಇವಳಿಗೆ ಹಬ್ಬ.

ಎರಡನೇ ಸಲ ಅವನ ಬಾಯಲ್ಲಿ ಫಿಲ್ಮ್ ಇಡಲು ಬಗ್ಗಿದಾಗ ಅವಳ ಕೊರಳ ಕರಿಮಣಿ ಸರ ಹೊರಗೆ ಜಾರಿತು. ಆನಂದ ಅದನ್ನು ನೋಡಿದ. ಅಂದಿನಿಂದ ನಗುವಿಲ್ಲ, ತಮಾಷೆಯಿಲ್ಲ. ಬರೀ "ಹೂಂ ಮೇಡಂ", "ಬರ್ತೀನಿ ಮೇಡಂ".

ನಿಜ ಹೇಳಿಬಿಡಲೇ? ಏನಂತ ಹೇಳಲಿ… ಶಶಿಕಲಾ ಒಳಗೇ ತೊಳಲಿದಳು.

ತನ್ನೂರು ಗಬ್ಬೂರಿನಿಂದ ಒಬ್ಬಳೇ ರಾಯಚೂರಿಗೆ ಬಂದಾಗ ಅವಳಿಗೆ ಯಾರೂ ಬಾಡಿಗೆ ಕೋಣೆ ಕೊಟ್ಟಿರಲಿಲ್ಲ. "ಗಂಡ ಎಲ್ಲದಾನ?" ಎಲ್ಲ ಕಡೆ ಅದೇ ಪ್ರಶ್ನೆ. ಕೊನೆಗೆ ತೀನ್ ಕಂದೀಲ್ ಸರ್ಕಲ್ಲಿನ ಅಂಗಡಿಯೊಂದರಲ್ಲಿ ಕರಿಮಣಿ ಕೊಂಡು ತಾನೇ ಹಾಕಿಕೊಂಡಳು. ಕೋಣೆ ಸಿಕ್ಕಿತು. ಒಬ್ಬಳೇ ಅಡುಗೆ ಮಾಡಿ, ಒಬ್ಬಳೇ ಉಣ್ಣುವುದು ರೂಢಿಯಾಯಿತು. ಒಂಟಿತನ ಮಾತ್ರ ರೂಢಿಯಾಗಲೇ ಇಲ್ಲ.

ಆನಂದನ ಕೊನೆಯ ಭೇಟಿಯ ದಿನ ಶಶಿಕಲಾಳ ದವಡೆಯೇ ಬಾತುಕೊಂಡಿತ್ತು.

"ಇಡೀ ದವಡಿ ಎಕ್ಸ್‌ರೇ ತಗೀಬೇಕು. ಕಿವ್ಯಾಗಿಂದು, ಕೊಳ್ಳಾಗಿಂದು ಎಲ್ಲಾ ತಗದಿಡು," ಎಂದರು ಡಾಕ್ಟರು.

ಬಿಚ್ಚಿದ ಸರವನ್ನು ಎಲ್ಲಿಡುವುದೆಂದು ತೋಚದೆ ನಿಂತಳು. ಬಾಗಿಲಲ್ಲಿದ್ದ ಆನಂದ ಅಂಗೈ ಚಾಚಿದ.

"ನಿಮ್ಮ ಮನಿಯವರು ಬಂದಿಲ್ಲೇನ್ರಿ?"

"ಇದ್ದರ ತಾನ ಬರೋದು…" ಅವಳ ಕಣ್ಣು ತುಂಬಿತು. "ರೂಮ್ ಸಿಗಲಿ ಅಂತ ನಾನ ಕೊಂಡಿದ್ದ ಸರಾ ಇದು. ಯಾರೂ ಕಟ್ಟಿದ್ದಲ್ಲ."

ಆನಂದ ಅಂಗೈಯಲ್ಲಿನ ಮಣಿಗಳನ್ನೇ ನೋಡುತ್ತ ಹೊರಗೆ ಹೋದ. ಡಾಕ್ಟರೂ ಹೋದರು. ಎಷ್ಟೋ ಜನರನ್ನು ನಿಲ್ಲಿಸಿದ್ದ ಯಂತ್ರದ ಮುಂದೆ ಈಗ ಅವಳೊಬ್ಬಳೇ. ಈ ಕೋಣೆ ಒಳಗಿದ್ದವರಿಗೆ ಇಷ್ಟು ಖಾಲಿ ಅನ್ನಿಸುತ್ತದೆಂದು ಅವಳಿಗೆ ಗೊತ್ತೇ ಇರಲಿಲ್ಲ.

ಆಗ ಹೊರಗಿನಿಂದ ಆನಂದನ ದನಿ ಬಂತು.

"ಅಲ್ಲಾಡಬ್ಯಾಡ್ರಿ. ನಾ ಬಾಗಿಲ ಹಿಂದನ ಅದೀನಿ."

ಎಕ್ಸ್‌ರೇಯಲ್ಲಿ ಒಸಡಿನೊಳಗೆ ಅಡ್ಡ ಮಲಗಿದ್ದ ಬುದ್ಧಿಹಲ್ಲು ಕಂಡಿತು. "ತಗೀಲೇಬೇಕು. ಆವತ್ತು ಜೋಡಿ ಯಾರಾರ ಇರಬೇಕು," ಎಂದರು ಡಾಕ್ಟರು.

"ನಾ ಇರ್ತೀನ್ರಿ. ಮನಿ ತನಕನೂ ಬಿಟ್ಟು ಬರ್ತೀನಿ," ಎಂದುಬಿಟ್ಟ ಆನಂದ.

ಡಾಕ್ಟರು ನಗುತ್ತ ಒಳಗೆ ಹೋದರು. ಸರ ಇನ್ನೂ ಅವನ ಮುಷ್ಟಿಯಲ್ಲೇ ಇತ್ತು.

"ನಿಮ್ಮ ಮನಿ ಮಾಲಕರು ಕೇಳಿದ್ರ? ಗಂಡ ಎಲ್ಲದಾನ ಅಂತ ಹೇಳೀರಿ ಅವರಿಗೆ?"

ಶಶಿಕಲಾ ತಲೆ ತಗ್ಗಿಸಿದಳು.

"ಮೊದಲು ಪುಣೆದಾಗ ಅದಾರ ಅಂತಿದ್ದೆ…"

"ಈಗ?"

"ನೀವು ಬರಾಕತ್ತಿದ ಮ್ಯಾಲೆ… ಮಾನ್ವಿಯಾಗ ಮಾಸ್ತರ ಅದಾರ ಅಂತ ಹೇಳೀನ್ರಿ."

ಆನಂದ ಮುಷ್ಟಿ ಬಿಚ್ಚಿ ಸರವನ್ನೊಮ್ಮೆ ನೋಡಿದ. ಆಮೇಲೆ ಮೆಲ್ಲಗೆ ಅಂದ:

"ಹೇಳಿದ್ದು ಹೇಳೀರಿ. ಇನ್ನ ಅದನ್ನ ಸುಳ್ಳು ಮಾಡೋದು ಬ್ಯಾಡ."