ಮೂರು ಸಲ ತಟ್ಟಿದ ಪೈಪು

ಗರುಡಾಚಾರ್‌ಪಾಳ್ಯದ ನಮ್ಮ ಕಟ್ಟಡದಲ್ಲಿ ಕೆಳಗಿನ ನಾವೂ ಮೂರನೇ ಮಹಡಿಯ ಇಮಾಮ್ ಬೀಯವರೂ ಒಂದೇ ವೈಫೈ ಹಂಚಿಕೊಂಡಿದ್ದೆವು. ಸಂಜೆ ದೂರದೂರಿನ ತಮ್ಮ ಮಗಳ ವಿಡಿಯೊ ಕಾಲ್ ನಿಂತುಹೋದರೆ ಅವರು ನೀರಿನ ಪೈಪನ್ನು ಮೂರು ಸಲ ತಟ್ಟುವರು. ನಾನೆದ್ದು ರೂಟರ್ ಆಫ್ ಮಾಡಿ ಆನ್ ಮಾಡುವೆ.

ಅವರು ತೀರಿಕೊಂಡ ಸಂಜೆಯೂ ತಟ್ಟಿದ್ದರು. ಡ್ಯೂಟಿಯಿಂದ ದಣಿದು ಬಂದಿದ್ದ ನಾನು ಏಳಲಿಲ್ಲ. ಮಗಳ ಮುಖ ನೋಡದೆಯೇ ಹೋದರು.

ಅವರು ಹೋದ ಹನ್ನೊಂದನೆಯ ದಿನ ನಾನು ದೇವರ ಮುಂದೆ ಕೂತಿದ್ದಾಗ ಪೈಪಿನಲ್ಲಿ ಮೂರು ಸಲ ಸದ್ದಾಯಿತು. ಮುಟ್ಟಿದರೆ ಮಂಜುಗಡ್ಡೆಯಷ್ಟು ತಣ್ಣಗಿತ್ತು.

"ಮ್ಯಾಲೆ ಬೀಗ ಅದಲ್ರೀ," ಎಂದಳು ಹೆಂಡತಿ ಶಾಂಭವಿ. "ಆದ್ರೂ ಎದ್ದು ರೂಟರ್ ಆಫ್ ಮಾಡಿ ಹಾಕ್ರಿ. ಅವತ್ತಿನಂಗ ಕುಂತ್ಬಿಡಬ್ಯಾಡ್ರಿ."

ಹಾಗೇ ಮಾಡಿದೆ. ಸದ್ದು ನಿಂತಿತು.

ಈಗ ದಿನವೂ ಸಂಜೆ ಆ ಸದ್ದು ಕೇಳಿದೊಡನೆ ಶಿವಾ ಎಂದು ಏಳುತ್ತೇನೆ. ಮನೆ ಓನರ್ ಆ ಹಳೆಯ ಪೈಪನ್ನು ಪೂರ್ತಿ ಕಿತ್ತುಹಾಕಿಸಿ ವಾರವಾಯಿತು.