ಅಜ್ಜಿಯ ಕೈಯಲ್ಲಿದ್ದ ವಾಗ್ದಾನದ ಕಾರ್ಡು

"ಇನ್ನೊಂದ್ಸಲ ಓದು ಕಣಮ್ಮಿ."

"ಅಜ್ಜೀ, ಐದು ಸಲ ಆಯ್ತು! ನಿಂಗೆ ಪೂರ್ತಿ ಬಾಯಿಪಾಠ ಬರುತ್ತಲ್ಲಾ."

"ಬತ್ತದೆ. ಆದ್ರೂ ಅಷ್ಟು ಜನದ ಮುಂದೆ ನಿಂತ್ರೆ ನನ್ನ ಹೆಸ್ರೇ ಮರ್ತೋಯ್ತದೆ. ಓದು."

ಕೆಜಿಯಾ ಅಂಗೈಯಗಲದ ಕಾರ್ಡು ಹಿಡಿದು ಮತ್ತೆ ಓದಿದಳು: "ಕರ್ತನೇ ನನ್ನ ಬಲ, ಆತನೇ ನನ್ನ ಹಾಡು. ನನ್ನನ್ನು ಬಿಡಿಸಿದವನು ಆತನೇ. ಆತನೇ ನನ್ನ ದೇವರು, ಆತನನ್ನು ಕೊಂಡಾಡುವೆನು. ನನ್ನ ಹಿರಿಯರ ದೇವರೂ ಆತನೇ, ಆತನನ್ನು ಹಾಡಿ ಹೊಗಳುವೆನು."

ವಸಂತಮ್ಮ ಅಜ್ಜಿ ಸೀರೆಯ ನೆರಿಗೆ ಹಿಡಿಯುತ್ತಾ ತುಟಿಯಲ್ಲೇ ಹೇಳಿಕೊಂಡಳು. ಇವತ್ತು ಹೆಬ್ಬಗೋಡಿಯ ಚರ್ಚಿನಲ್ಲಿ ಅವಳು ಸಾಕ್ಷಿ ಹೇಳಬೇಕು. ದೇವರು ತನಗೆ ಮಾಡಿದ ಉಪಕಾರವನ್ನು ಎಲ್ಲರ ಮುಂದೆ ನಿಂತು ಹೇಳುವುದೇ ಸಾಕ್ಷಿ. ಅಜ್ಜಿಗೆ ಇದು ಮೊದಲ ಸಲ.

ನಡೆದದ್ದು ಸಣ್ಣ ವಿಷಯವೇನಲ್ಲ. ಅಜ್ಜಿ ಎಲೆಕ್ಟ್ರಾನಿಕ್ ಸಿಟಿಯ ಒಂದು ಕಂಪನಿಯಲ್ಲಿ ಹೌಸ್‌ಕೀಪಿಂಗ್ ಕೆಲಸ ಮಾಡುತ್ತಾಳೆ. ಹೋದ ವಾರ ಅಲ್ಲಿನ ಲಿಫ್ಟು ನಾಲ್ಕು ಮತ್ತು ಐದನೇ ಮಹಡಿಯ ಮಧ್ಯೆ ನಿಂತುಬಿಟ್ಟಿತು. ಒಳಗೆ ಅಜ್ಜಿ, ಅವಳ ಬಕೆಟ್ಟು, ಮತ್ತೊಬ್ಬ ಇಂಜಿನಿಯರ್ ಅಕ್ಕ. ಲೈಟೂ ಹೋಯಿತು. ಆ ಅಕ್ಕ ಉಸಿರು ಸಿಗುತ್ತಿಲ್ಲವೆಂದು ಅಳತೊಡಗಿದಳು. ಅಜ್ಜಿ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಬೆನ್ನು ಸವರುತ್ತಾ, ಕಾರ್ಡಿನ ಈ ಬೈಬಲ್ ವಚನವನ್ನು ಜೋರಾಗಿ ಹೇಳುತ್ತಾ ಕೂತಳು. ಬಾಗಿಲು ತೆರೆಯಲು ನಲವತ್ತು ನಿಮಿಷ ಬೇಕಾಯಿತು. ಮಾರನೇ ದಿನ ಆಫೀಸಿನವರೆಲ್ಲ ಎದ್ದು ನಿಂತು ಅಜ್ಜಿಗೆ ಚಪ್ಪಾಳೆ ಹೊಡೆದರಂತೆ!

ಕೆಜಿಯಾ ಸ್ಕೂಲಿನಲ್ಲಿ ಈ ಕತೆಯನ್ನು ಯಾರಿಗೆ ಹೇಳಿಲ್ಲ? ಹೇಳಿ ಹೇಳಿ ನಲವತ್ತು ನಿಮಿಷ ಎರಡು ಗಂಟೆಯಾಗಿತ್ತು. "ನಮ್ಮಜ್ಜಿ ಅಂದ್ರೆ ಸುಮ್ನೆ ಅಲ್ಲ, ಸಕ್ಕತ್ ಧೈರ್ಯ ಕಣೇ," ಎನ್ನುವಾಗ ಅವಳ ಎದೆ ಉಬ್ಬುತ್ತಿತ್ತು.

"ಕಾರ್ಡು ಕೊಡು ಇಲ್ಲಿ," ಅಂದಳು ಅಜ್ಜಿ. "ಪಾದ್ರಿ ಅಯ್ನೋರು ತಗೊಂಬಾ ಅಂದವ್ರೆ. ಅವ್ರೇ ಎಲ್ರಿಗೂ ತೋರಿಸಿ ಓದ್ತಾರಂತೆ."

ಕೆಜಿಯಾ ಕಾರ್ಡನ್ನು ಒಮ್ಮೆ ತಿರುಗಿಸಿ ನೋಡಿ ಕೊಟ್ಟಳು.

ಕಾರ್ಡಿನ ಹಿಂದೆ ಹಸಿರು ಇಂಕಿನಲ್ಲಿ ಒಂದು ಹೆಸರಿತ್ತು. ಅದು ವಸಂತಮ್ಮ ಅಲ್ಲ. ಕೆಜಿಯಾ.

ಪ್ರತಿ ಹೊಸ ವರ್ಷದ ದಿನ ಚರ್ಚಿನಲ್ಲಿ ಎಲ್ಲರೂ ಬುಟ್ಟಿಗೆ ಕೈ ಹಾಕಿ ಒಂದೊಂದು ವಾಗ್ದಾನದ ಕಾರ್ಡು ಎತ್ತುತ್ತಾರೆ. ಯಾರಿಗೆ ಯಾವ ವಚನ ಬಂತೋ, ವರ್ಷಪೂರ್ತಿ ಅವರಿಗೆ ಅದೇ. ಬದಲಾಯಿಸುವ ಹಾಗಿಲ್ಲ. ಅದಕ್ಕೇ ಸಂಡೇ ಸ್ಕೂಲಿನ ಸವಿತಾ ಟೀಚರ್ ಹಿಂದೆ ಹೆಸರು ಬರೆದುಕೊಡುತ್ತಾರೆ. ಮಕ್ಕಳು ತಮ್ಮ ವಚನವನ್ನು ಬಾಯಿಪಾಠ ಮಾಡಿ ಒಪ್ಪಿಸಬೇಕು.

ಈ ಸಲ ಕೆಜಿಯಾಳಿಗೆ ಬಂದದ್ದು ಇಷ್ಟುದ್ದ. ಅಜ್ಜಿಗೆ ಬಂದದ್ದು ಎರಡೇ ಪದ. ಅಜ್ಜಿಗೆ ಓದಲು ಬರುವುದಿಲ್ಲ. ದಾರಿಯಲ್ಲಿ "ನಂದ್ರಲ್ಲಿ ಏನು ಬರ್ದದೆ?" ಎಂದಾಗ ಕೆಜಿಯಾ ತನ್ನದನ್ನು ಓದಿ, ಅದನ್ನೇ ಅಜ್ಜಿಯ ಕೈಗಿಟ್ಟಿದ್ದಳು. ಎರಡು ಪದ ಒಪ್ಪಿಸಿ ಟೀಚರಿಂದ ಚಾಕಲೇಟೂ ಗಿಟ್ಟಿಸಿದ್ದಳು. ಕಿಲಾಡಿ!

ಈಗ ಅಯ್ಯನವರು ಕಾರ್ಡು ತಿರುಗಿಸಿ ನೋಡಿದರೆ? ಅಜ್ಜಿ ಸುಳ್ಳು ಹೇಳಿದಳೆಂದು ಜನ ನಕ್ಕರೆ?

ಚರ್ಚಿನ ಗೇಟು ಕಂಡಿತು. ಕೆಜಿಯಾ ಅಜ್ಜಿಯ ಸೆರಗು ಜಗ್ಗಿದಳು.

"ಅಜ್ಜೀ... ಆ ಕಾರ್ಡು ನಿಂದಲ್ಲ. ನಂದು. ಉದ್ದ ಇತ್ತು ಅಂತ ನಾನೇ ನಿಂಗೆ ಕೊಟ್ಬಿಟ್ಟೆ."

ಅಜ್ಜಿ ನಿಂತಳು. ಕಾರ್ಡು ತಿರುಗಿಸಿ ಹಸಿರು ಅಕ್ಷರಗಳ ಮೇಲೆ ಬೆರಳಾಡಿಸಿದಳು.

"ಅಂಗಾರೆ ಲಿಫ್ಟಲ್ಲಿ ನಾನು ಹೇಳಿದ್ದು ನಂಗೆ ಬಂದ ವಚನ ಅಲ್ಲ ಅನ್ನು."

ಕೆಜಿಯಾಳ ಕಣ್ಣು ತುಂಬಿತು.

"ಓದಕ್ ಬರ್ದೇ ಇರೋಳ್ನ ಯಾಮಾರಿಸ್ಬಾರ್ದು ಕಣಮ್ಮಿ," ಅಂದಳು ಅಜ್ಜಿ ಮೆಲ್ಲಗೆ. ಬೈಯಲಿಲ್ಲ, ಹೊಡೆಯಲಿಲ್ಲ. ಹೊಡೆದಿದ್ದರೇ ಚೆನ್ನಾಗಿತ್ತು ಎನಿಸಿತು ಕೆಜಿಯಾಳಿಗೆ. ಅಜ್ಜಿ ಅವಳ ಕೈ ಹಿಡಿಯದೆ ಒಳಗೆ ನಡೆದಳು.

ಆರಾಧನೆಯ ನಡುವೆ ಅಯ್ಯನವರು ಅಜ್ಜಿಯನ್ನು ಮುಂದೆ ಕರೆದು ಕಾರ್ಡಿಗೆ ಕೈ ಚಾಚಿದರು. ಅಜ್ಜಿ ಕೊಡಲಿಲ್ಲ.

"ಈ ಕಾರ್ಡು ನಂದಲ್ಲ ಅಯ್ನೋರೆ. ನನ್ನ ಮೊಮ್ಮಗಳದು. ಅದ್ಲುಬದ್ಲಾಗದೆ."

ಮೂರನೇ ಬೆಂಚಿನಲ್ಲಿ ಕೆಜಿಯಾ ತಲೆ ತಗ್ಗಿಸಿದಳು. ಹೇಗೆ ಅದಲುಬದಲಾಯಿತು ಎಂಬುದನ್ನು ಅಜ್ಜಿ ಮಾತ್ರ ಹೇಳಲೇ ಇಲ್ಲ.

"ದಿನಾ ಬೆಳಗ್ಗೆ ನಾನು ಡ್ಯೂಟಿಗೆ ಹೊರಡೋ ಮುಂಚೆ ಇವ್ಳು ಓದೋಳು, ನಾನು ಕೇಳೋಳು. ಜನವರಿಯಿಂದ ಒಂದಿನ ತಪ್ಪಿಸಿಲ್ಲ. ಲಿಫ್ಟು ನಿಂತು ಕತ್ಲಾದಾಗ ನಂಗೂ ಜೀವ ಬಾಯಿಗೆ ಬಂತು. ಆಗ ಕಿವಿಯೊಳಗೆ ಕೇಳಿದ್ದು ಈ ಮಗೀನ ದನಿ. ದೇವ್ರು ಇವಳಿಗೆ ಕೊಟ್ಟ, ಇವಳು ನಂಗೆ ಕೊಟ್ಳು, ನಾನು ಆ ಮೇಡಂಗೆ ಕೊಟ್ಟೆ. ಬಾರಮ್ಮಿ ಇಲ್ಲಿ."

ಕೆಜಿಯಾ ಎದ್ದು ಮುಂದೆ ಹೋದಳು. ಅಜ್ಜಿ ಕಾರ್ಡನ್ನು ಸೊಂಟದ ಚೀಲಕ್ಕೆ ಸೇರಿಸಿ, "ಹೇಳು," ಅಂದಳು.

"ಕಾರ್ಡು ಕೊಡಜ್ಜಿ."

"ಕಾರ್ಡು ಯಾಕೆ? ಹೇಳು."

ಕೆಜಿಯಾ ಬಾಯಿ ತೆರೆದಳು. "ಕರ್ತನೇ ನನ್ನ ಬಲ..." ಒಂದು ಸಾಲು ಬಂತು. ಅದರ ಹಿಂದೆಯೇ ಇನ್ನೊಂದು. ಅರೆ, ಒಂದು ದಿನವೂ ಕೂತು ಉರುಹೊಡೆದಿರಲಿಲ್ಲ, ಎಲ್ಲಿಂದ ಬರುತ್ತಿದೆ ಇದು? "ಹಿರಿಯರ ದೇವರೂ ಆತನೇ" ಎಂಬಲ್ಲಿ ದನಿ ಒಡೆಯಿತು. ಅಜ್ಜಿಯೂ ದನಿಗೂಡಿಸಿದಳು. ಕೊನೆಯ ಸಾಲನ್ನು ಇಬ್ಬರೂ ಸೇರಿ ಹೇಳಿ ಮುಗಿಸಿದಾಗ ಇಡೀ ಚರ್ಚು "ಆಮೆನ್" ಅಂದಿತು. ಸವಿತಾ ಟೀಚರ್ ಕಣ್ಣೊರೆಸಿಕೊಂಡರು.

ವಾಪಸ್ ಬರುವಾಗ ಅಜ್ಜಿ ಅವಳ ಕೈ ಹಿಡಿದುಕೊಂಡಳು.

"ಈಗ ನನ್ನ ಕಾರ್ಡು ಓದು, ನೋಡಾನ."

ಕೆಜಿಯಾ ಅದನ್ನು ಬೈಬಲ್ಲಿನೊಳಗಿಂದ ತೆಗೆದಳು. "ದೇವರು ಪ್ರೀತಿಸ್ವರೂಪಿ."

"ಆಮೇಲೆ?"

"ಅಷ್ಟೇ."

"ಅಷ್ಟೇನಾ! ಇಷ್ಟಕ್ಕಾ ಅಷ್ಟು ದೊಡ್ಡ ಕಳ್ಳತನ ಮಾಡ್ದೆ?" ಅಜ್ಜಿ ನಕ್ಕ ಜೋರಿಗೆ ಎಳನೀರು ಮಾರುವವನು ತಿರುಗಿ ನೋಡಿದ.

ಸೋಮವಾರ ಬೆಳಿಗ್ಗೆ ಅಜ್ಜಿ ಯೂನಿಫಾರ್ಮ್ ಹಾಕಿಕೊಂಡು ಹೊಸಿಲ ಬಳಿ ಕೂತಿದ್ದಳು. ಅವಳು ಕರೆಯುವ ಮೊದಲೇ ಕೆಜಿಯಾ ಎರಡೂ ಕಾರ್ಡು ಹಿಡಿದು ಬಂದಳು.

"ಯಾವುದು ಓದ್ಲಿ ಅಜ್ಜಿ?"

"ನಂದು ಓದು. ನಿಂದು ಹೇಳು."

ಕೆಜಿಯಾ ಅಜ್ಜಿಯ ಕಾರ್ಡನ್ನು ಓದಿದಳು. ಆಮೇಲೆ ಕೈಗಳನ್ನು ಬೆನ್ನ ಹಿಂದೆ ಕಟ್ಟಿ, ಕಣ್ಣು ಮುಚ್ಚಿ, ತನ್ನದನ್ನು ಶುರು ಮಾಡಿದಳು. ರಸ್ತೆಯಲ್ಲಿ ಕಂಪನಿ ಬಸ್ಸು ಹಾರ್ನ್ ಹೊಡೆಯಿತು. ಅವಳು ಅವಸರ ಮಾಡಲಿಲ್ಲ. ಅಜ್ಜಿಯೂ ಪೂರ್ತಿ ಕೇಳಿಯೇ ಎದ್ದಳು.