ಅಣ್ಣನ ಪಾಲು

ಮೆಣಸಿನಕಾಯಿಯ ತೊಟ್ಟು ಮುರಿಯುತ್ತ ಮುರಿಯುತ್ತ ಶಿವಗಂಗವ್ವ ಒಂಬತ್ತನೆಯ ಸಲ ಸೀನಿದಳು. ಪುಣೆಯ ಮಾರ್ಕೆಟ್ ಯಾರ್ಡಿನ ಆ ಸಾಲಿನ ಗೋದಾಮುಗಳಲ್ಲಿ ಸೀನದೆ ಕೂಲಿ ಮಾಡಿದವರಿಲ್ಲ. ಘಾಟು ಮೂಗಿಗೆ ಹತ್ತಿ, ಕಣ್ಣಿಗೆ ಇಳಿದು, ಸಂಜೆಯಾಗುವುದರೊಳಗೆ ಅಂಗೈ ಕೆಂಡ ಹಿಡಿದಂತೆ ಉರಿಯುತ್ತಿತ್ತು. ಅವಳು ಕೆಲಸಕ್ಕೆ ಸೇರಿ ಮೂರೇ ದಿನ. ಇನ್ನು ತಡೆಯಲಾರೆನೆಂದು ಮೊರವನ್ನು ಕಂಕುಳಲ್ಲಿಟ್ಟು, ಚೀಲವನ್ನು ಎಳೆದುಕೊಂಡು ಹಿಂದಿನ ಕೋಣೆಯ ಕಡೆಗೆ ಹೊರಟಳು.

"ಏ ತಂಗಿ, ಅತ್ತ ಎಲ್ಲಿ ಹೊಂಟಿ?" ಎಂದಳು ಅಂಬಾಬಾಯಿ. ತೊಟ್ಟು ಮುರಿಯುವ ಹೆಂಗಸರಲ್ಲೆಲ್ಲ ಅವಳೇ ಹಿರಿಯಳು.

"ಆ ಕ್ವಾಣ್ಯಾಗ ಘಾಟ ಇಲ್ಲಬೇ. ನಿನ್ನಿ ಬಾಗಲದಾಗ ನಿಂತು ನೋಡೀನಿ. ಒಂದು ಸೀನ ಬರಲಿಲ್ಲ."

"ಅದಕ್ಕ ಹೇಳಾಕತ್ತೀನಿ. ಮೆಣಸಿನಕಾಯಿ ಘಾಟ ಹೊಡೀಲಾರದ ಜಾಗಾದಾಗ ಮನಶ್ಯಾರು ಕೂಡಬಾರದು."

ದೃಷ್ಟಿ ತೆಗೆದು ಒಲೆಗೆ ಹಾಕಿದ ನಾಲ್ಕು ಕಾಯಿ ಘಾಟು ಬಿಡದಿದ್ದರೆ, ತಗಲಿದ ದೃಷ್ಟಿ ದೊಡ್ಡದು ಎನ್ನುವುದು ಎಲ್ಲ ಹೆಂಗಸರಿಗೂ ಗೊತ್ತಿರುವ ಮಾತು. ಆ ಕೋಣೆಯಲ್ಲಿದ್ದುದು ನಾಲ್ಕು ಕಾಯಿಯಲ್ಲ, ಎಂಬತ್ತು ಚೀಲ. ಶಿವಗಂಗವ್ವ ನಕ್ಕಳು.

"ನನಗ ದೃಷ್ಟಿ ಆಗಾಕ ನಾ ಏನ್ ಸಿನಿಮಾದ ರಾಣಿ ಏನಬೇ?"

ಸುತ್ತಲಿನವರೂ ನಕ್ಕರು. ಅಂಬಾಬಾಯಿ ಮಾತ್ರ ನಗಲಿಲ್ಲ. ಹತ್ತಿರ ಬಂದು ದನಿ ತಗ್ಗಿಸಿದಳು. "ಕೂಡತೀನಂದ್ರ ಕೂಡು. ಒಳಗ ಒಬ್ಬಾಕಿ ಅದಾಳ. ಮಾತಾಡಬ್ಯಾಡ. ಮಾತಾಡಿದ್ರೂ ಮನಿಗೆ ಕರೀಬ್ಯಾಡ. ಕುಂಕುಮಕ್ಕಂತೂ ಕರೀಲೇಬ್ಯಾಡ."

ಹಿಂದಿನ ಕೋಣೆಯ ಹೊಸ್ತಿಲಿಗೆ ಏಳು ಕಬ್ಬಿಣದ ಮೊಳೆಗಳನ್ನು ಸಾಲಾಗಿ ಹೊಡೆದಿದ್ದರು. ಅವಕ್ಕೆ ಸುತ್ತಿದ್ದ ಅರಿಶಿನದ ದಾರ ಹೊಲಸು ಹಿಡಿದು ಕಪ್ಪಾಗಿತ್ತು. ಶಿವಗಂಗವ್ವ ಅದನ್ನು ದಾಟಿ ಒಳಗೆ ಹೋದಳು.

ಕಿಟಕಿಯಿಲ್ಲದ ಕೋಣೆ. ಮಣ್ಣಿನ ತಂಪು. ಮೆಣಸಿನಕಾಯಿಯ ವಾಸನೆಯ ಬದಲು ಹಸಿ ಕಬ್ಬಿಣದ ವಾಸನೆ. ಕತ್ತಲೆಗೆ ಕಣ್ಣು ಹೊಂದಿದ ಮೇಲೆ ಮೂಲೆಯಲ್ಲಿ ಒಬ್ಬ ಹೆಂಗಸು ಕಂಡಳು. ಹೆಸರು ಉಮಾವತಿ ಎಂದಳು, ಕೇಳದೆಯೇ. ಅವಳ ಬೆರಳುಗಳು ಮಗ್ಗದ ಲಾಳಿಯಂತೆ ಓಡುತ್ತಿದ್ದವು. ದಿನವೆಲ್ಲ ತೊಟ್ಟು ಮುರಿದರೂ ಅಂಗೈ ಬೆಣ್ಣೆಯಂತೆ ಬಿಳಿ. ಅವಳ ಮೊರದಿಂದ ಹೊರಬಿದ್ದ ಕಾಯಿಗಳೂ ಕೆಂಪು ಕಳೆದುಕೊಂಡು ಒಣ ಹುಲ್ಲಿನ ಬಣ್ಣಕ್ಕೆ ತಿರುಗಿದ್ದವು. ಶಿವಗಂಗವ್ವ ಕಾಯಿಗಳನ್ನು ನೋಡಲಿಲ್ಲ, ಆ ಕೈಗಳನ್ನು ನೋಡಿದಳು. ಆಮೇಲೆ ಸುಟ್ಟು ಸಿಪ್ಪೆಯೆದ್ದ ತನ್ನ ಕೈಗಳನ್ನು ನೋಡಿಕೊಂಡಳು. ಹೊಟ್ಟೆಯುರಿ ಹುಟ್ಟಿದ್ದು ಅಲ್ಲಿಯೇ.

ಗಂಡಹೆಂಡಿರು ಊರು ಬಿಟ್ಟು ಪುಣೆಗೆ ಬಂದದ್ದು ಹೊಟ್ಟೆಪಾಡಿಗಲ್ಲ. ಎಂಬತ್ತೆರಡರ ಬೇಸಿಗೆಯಲ್ಲಿ ಅವಳ ಗಂಡ ಕಾಶಪ್ಪ ಯಾದಗಿರಿ ಕಡೆಯ ಒಂದು ಹತ್ತಿ ಗಿರಣಿಗೆ ಕಳವಿಗೆ ಹೋಗಿದ್ದ. ಕಾವಲಿನ ಮುದುಕ ಎದ್ದು ಅಡ್ಡ ಬಂದ. ಕಾಶಪ್ಪ ಹಾರೆಯಿಂದ ಒಂದೇ ಏಟು ಹಾಕಿದ. ಶಿವಗಂಗವ್ವನಿಗೆ ಅದು ಗೊತ್ತಾದದ್ದು ಅವನ ಧೋತರ ಒಗೆಯುವಾಗ. ನೀರು ಮೂರು ಸಲ ಕೆಂಪಾಯಿತು. ಅವಳು ಒಂದು ಮಾತೂ ಕೇಳದೆ ಧೋತರ ಹಿಂಡಿ, ಗಂಟು ಕಟ್ಟಿ, ಅವನ ಹಿಂದೆ ರೈಲು ಹತ್ತಿದಳು. ಅಂದಿನಿಂದ ಖಾಕಿ ಬಟ್ಟೆ ಕಂಡರೆ ಇಬ್ಬರೂ ಬೇರೆ ಬೇರೆ ಓಣಿ ಹಿಡಿಯುತ್ತಿದ್ದರು. ಪೋಸ್ಟಿನವನು ಬಂದರೂ ಬಾಗಿಲ ಹಿಂದೆ ಸರಿಯುತ್ತಿದ್ದರು. ಕಾಶಪ್ಪ ಯಾರ್ಡಿನಲ್ಲಿ ಹಮಾಲಿಗೆ ನಿಂತ. ಗೋದಾಮಿನ ಹಿತ್ತಲ ತಗಡಿನ ಕೋಣೆಯೇ ಅವರ ಮನೆಯಾಯಿತು.

ಚೀಲ ಇಳಿಸಲು ಕಾಶಪ್ಪ ಹಿಂದಿನ ಕೋಣೆಗೂ ಹೋಗುತ್ತಿದ್ದ. ಮೊದಮೊದಲು ಇಳಿಸಿ ಬರುತ್ತಿದ್ದ. ಆಮೇಲೆ ಬೀಡಿ ಸೇದಿ ಬರತೊಡಗಿದ. ಒಂದು ದಿನ ಒಳಗಿನಿಂದ ಅವನ ನಗು ಕೇಳಿಸಿತು. ಊರು ಬಿಟ್ಟ ಮೇಲೆ ಅವನು ನಕ್ಕದ್ದು ಅದೇ ಮೊದಲು.

ಗಂಡ ಕೊಲೆಗಾರನೆಂದು ತಿಳಿದೂ ಅವನ ಧೋತರ ಒಗೆದವಳು, ಅವನು ಇನ್ನೊಬ್ಬಳೆದುರು ನಕ್ಕದ್ದನ್ನು ತಾಳಲಾರದೆ ಹೋದಳು. ಹೆಣ್ಣಿನ ಮನಸ್ಸಿನ ತಕ್ಕಡಿ ಹೀಗೂ ತೂಗುತ್ತದೆ. ಊರಿನ ರಾತ್ರಿ ಶಾಲೆಯಲ್ಲಿ ಕಲಿತ ನಾಲ್ಕು ಅಕ್ಷರ ಅವಳ ಕೈಯಲ್ಲಿದ್ದವು. ಒಂದು ಇನ್‌ಲ್ಯಾಂಡ್ ಪತ್ರ ತಂದು, ಊರಿನ ಪೊಲೀಸ್ ಫೌಜದಾರರ ಹೆಸರಿಗೆ ಬರೆದಳು: "ನೀವು ಹುಡುಕುವ ಕಾಶಪ್ಪ ಪುಣೆಯ ಮಾರ್ಕೆಟ್ ಯಾರ್ಡಿನ ಮೆಣಸಿನಕಾಯಿ ಗೋದಾಮಿನಲ್ಲಿ ಇದ್ದಾನೆ." ಬರೆದು ಅಂಟಿಸಿದಳು, ಆದರೆ ಅಂಚೆಗೆ ಹಾಕಲಿಲ್ಲ. ಪತ್ರವನ್ನು ಜೋಳದ ಹಿಟ್ಟಿನ ಡಬ್ಬಿಯ ತಳಕ್ಕೆ ತುರುಕಿದಳು. ಗಂಡನನ್ನು ಗಲ್ಲಿನ ಹಗ್ಗಕ್ಕೆ ಕೊಡುವುದಕ್ಕಿಂತ ಬೇರೆ ದಾರಿ ಇದ್ದೇ ಇದೆ ಎಂದುಕೊಂಡಳು.

ದಾರಿ ಹೊಳೆಯಿತು ಕೂಡ. ಶ್ರಾವಣ ಹತ್ತಿರ ಬಂದಿತ್ತು. ನಾಗರ ಪಂಚಮಿಗೆ ಅಣ್ಣಂದಿರು ತಂಗಿಯರನ್ನು ತವರಿಗೆ ಕರೆಯುವುದು ಅವಳ ಕಡೆಯ ಪದ್ಧತಿ. ಉಮಾವತಿಯನ್ನು ಕಾಶಪ್ಪನ ತಂಗಿಯೆಂದು ಕರೆದು, ಕುಂಕುಮ ಹಚ್ಚಿ, ಉಡಿ ತುಂಬಿಬಿಟ್ಟರೆ? ನಾದಿನಿಯಾದವಳು ಸವತಿಯಾಗುವಂತಿಲ್ಲ. ಬೇಲಿ ಹಾಕುವುದಾದರೆ ಹೀಗೆ ಹಾಕಬೇಕು, ಬೇಲಿಯೆಂದು ಯಾರಿಗೂ ತಿಳಿಯಬಾರದು. ತನ್ನ ಜಾಣತನಕ್ಕೆ ತಾನೇ ಹಿಗ್ಗಿದಳು.

ಪಂಚಮಿಯ ಹಿಂದಿನ ದಿನ ಕುಂಕುಮದ ಬಟ್ಟಲು ಹಿಡಿದು ಏಳು ಮೊಳೆಯ ಹೊಸ್ತಿಲ ಮುಂದೆ ನಿಂತಳು.

"ಬ್ಯಾಡಬೇ ತಂಗಿ!" ಅಂಬಾಬಾಯಿ ಓಡಿ ಬಂದು ಅವಳ ಸೆರಗು ಹಿಡಿದಳು. "ನಿನ್ನ ಕಾಲ ಬೀಳ್ತೀನಿ."

ಶಿವಗಂಗವ್ವ ಸೆರಗು ಕೊಸರಿಕೊಂಡಳು. "ನಿನಗೂ ಉಡಿ ತುಂಬ್ತೀನಿ ಬಾರಬೇ. ಮುದುಕಿಗೂ ಹೊಟ್ಟಿಕಿಚ್ಚು ನೋಡವ್ವಾ!"

ಒಳಗೆ ಹೋಗಿ ಕುಂಕುಮ ಹಚ್ಚುವಾಗ ಉಮಾವತಿಯ ಹಣೆಗೆ ಬೆರಳು ತಾಗಿತು. ಬಾವಿಯ ಕಲ್ಲಿನಂತೆ ತಣ್ಣಗಿತ್ತು. "ನಾಳಿ ಹಬ್ಬಕ್ಕ ಬಾ. ನನ್ನ ಗಂಡ ನಿನಗ ಅಣ್ಣ. ಇದು ನಿನ್ನ ತವರುಮನಿ."

"ಹಿಂಗ ಯಾರೂ ಕರದಿದ್ದಿಲ್ಲ," ಎಂದಳು ಉಮಾವತಿ. ಅವಳ ಕಣ್ಣಲ್ಲಿ ನೀರಿತ್ತು. ಹೊಸ್ತಿಲ ಮೊಳೆಯೊಂದು ತಾನಾಗಿ ಸಡಿಲಿ ಟಣ್ಣೆಂದು ಬಿತ್ತು. ಅದರ ಹಿಂದೆ ಇನ್ನೊಂದು.

ಹಬ್ಬದ ದಿನ ಅಂಬಾಬಾಯಿ ಬರಲಿಲ್ಲ. ಅಳ್ಳು, ಉಂಡಿ, ಮಣ್ಣಿನ ನಾಗಪ್ಪ, ಬಟ್ಟಲಲ್ಲಿ ಹಾಲು. ಕಾಶಪ್ಪ ಗೋಡೆಗೆ ಒರಗಿ ಕೂತಿದ್ದ. ಶಿವಗಂಗವ್ವ ಹೇಳಿಕೊಡುತ್ತ ಹೋದಳು: "ದೇವರ ಪಾಲು." ಉಮಾವತಿ ನಾಗಪ್ಪನ ಮೇಲೆ ಹಾಲೆರೆದಳು. "ಅಪ್ಪನ ಪಾಲು." ಎರೆದಳು. "ಅವ್ವನ ಪಾಲು." ಎರೆದಳು. "ಅಣ್ಣನ ಪಾಲು."

ಅವಳು ಎರೆಯಲಿಲ್ಲ. ಬಟ್ಟಲನ್ನು ತುಟಿಗೆ ಹಚ್ಚಿ, ಉಳಿದದ್ದನ್ನೆಲ್ಲ ಒಂದೇ ಗುಟುಕಿಗೆ ಕುಡಿದಳು.

"ಅಯ್ಯ, ಕುಡೀಬಾರದವ್ವ!" ಶಿವಗಂಗವ್ವ ನಕ್ಕಳು.

"ಅಣ್ಣನ ಪಾಲು ನಂದು, ವೈನಿ." ಅಣ್ಣನ ಹೆಂಡತಿಯನ್ನು ಕರೆಯುವ ಹಾಗೆಯೇ ಕರೆದಳು. ಬಟ್ಟಲ ಅಂಚಿನಲ್ಲಿ ಹಾಲಿನ ಕೆನೆ ಕೆಂಪಾಗಿತ್ತು. ಗೋಡೆಗೆ ಒರಗಿದ್ದ ಕಾಶಪ್ಪ ಹಣೆ ಒತ್ತಿಕೊಂಡ. "ಯಾಕೋ ತಲಿ ತಿರಗಿದಂಗ ಆತು," ಎಂದ.

ಗಣಪತಿ ಕೂಡುವ ಹೊತ್ತಿಗೆ ಎರಡು ಚೀಲ ಹೊರುತ್ತಿದ್ದವನು ಒಂದು ಚೀಲಕ್ಕೆ ಇಳಿದ. ಮಹಾನವಮಿಗೆ ಬರಿ ಮೈ ಹೊತ್ತು ನಡೆಯುವುದೂ ಕಷ್ಟವಾಯಿತು. ಉಗುರು ಬಿಳಿ, ತುಟಿ ಬಿಳಿ. ಮೈಮೇಲೆ ಒಂದು ಗಾಯವಿಲ್ಲ. ಡಾಕ್ಟರು ರಕ್ತ ಕಡಿಮೆಯಾಗಿದೆ ಎಂದು ಗುಳಿಗೆ ಕೊಟ್ಟರು. ಎಲ್ಲಿ ಕಡಿಮೆಯಾಯಿತೆಂದು ಅವರಿಗೂ ತಿಳಿಯಲಿಲ್ಲ. ಅಷ್ಟಾದರೂ ಊಟದ ಹೊತ್ತಿಗೆ ಕಾಶಪ್ಪ ತಾಟು ಬಿಟ್ಟು ಎಲ್ಲಿಗೋ ಎದ್ದು ಹೋಗುತ್ತಿದ್ದ. ಶಿವಗಂಗವ್ವನ ಹೊಟ್ಟೆಯಲ್ಲಿ ಹಳೆಯ ಕಿಚ್ಚು ಎದ್ದಿತು. ಹಾಕಿದ ಬೇಲಿ ಹಾರಿಯೇ ಬಿಟ್ಟರಲ್ಲ ಎಂದುಕೊಂಡು ಒಂದು ಮಧ್ಯಾಹ್ನ ಹಿಂದೆಯೇ ಹೋದಳು.

ಹಿಂದಿನ ಕೋಣೆ. ಹೊಸ್ತಿಲಲ್ಲಿ ಒಂದು ಮೊಳೆಯೂ ಇಲ್ಲ. ಒಳಗೆ ಕಗ್ಗತ್ತಲು. ಗೋಡೆ ಹಿಡಿದು ನಡೆದಳು. ಕಾಲಡಿಯ ಮೆಣಸಿನಕಾಯಿ ಮೆತ್ತಗೆ, ಒದ್ದೆಯಾಗಿತ್ತು. ಒಂದು ಸದ್ದು. ಚಪ್, ಚಪ್. ಹಸಿದ ಕರು ಕೆಚ್ಚಲಿಗೆ ಬಾಯಿ ಹಾಕಿದಂಥ ಸದ್ದು. ಬೆಂಕಿಕಡ್ಡಿ ಗೀರಿದಳು. ಆರಿತು. ಇನ್ನೊಂದು ಗೀರಿದಳು. ಚೀಲಗಳ ಮೇಲೆ ಕಾಶಪ್ಪ ಅಂಗಾತ ಬಿದ್ದಿದ್ದ. ಅವನ ತಲೆ ಉಮಾವತಿಯ ತೊಡೆಯ ಮೇಲೆ. ಅವನ ಅಂಗೈ ಅವಳ ಬಾಯಲ್ಲಿ. ಕಚ್ಚಿರಲಿಲ್ಲ. ಸೀಳಿರಲಿಲ್ಲ. ಚರ್ಮದ ಸಂದು ಸಂದಿನಿಂದ ಬೆವರಿನಂತೆ ಒಸರುತ್ತಿತ್ತು ಕೆಂಪು. ಅವಳು ಕಣ್ಣು ಮುಚ್ಚಿ ಕುಡಿಯುತ್ತಿದ್ದಳು. ಕಾಶಪ್ಪ ನಗುತ್ತಿದ್ದ. ಅದೇ ನಗು. ಕಡ್ಡಿ ಬೆರಳು ಸುಟ್ಟಿತು. ಕತ್ತಲು. ಸದ್ದು ನಿಂತಿತು.

"ಬಾ ವೈನಿ. ಊಟಕ್ಕ ಕೂತೀನಿ."

ಅವನ ರಟ್ಟೆ ಹಿಡಿದು ಹೇಗೆ ಹೊರಗೆಳೆದಳೋ ಅವಳಿಗೇ ತಿಳಿಯದು. ಅಂಬಾಬಾಯಿಯ ಕಾಲ ಬಳಿ ಕುಸಿದು ಅತ್ತಳು.

ಅಂಬಾಬಾಯಿ ಹೇಳಿದಳು: "ಯಾರ್ಡ ಆಗೂಕಿಂತ ಮೊದಲು ಇಲ್ಲಿ ಹೊಲ, ಮನಿ ಇತ್ತಂತ. ಆ ಮನಿಯ ಗಂಡ ಬಿಟ್ಟ ಮಗಳು, ಇದೇ ಉಮಾವತಿ, ಪಂಚಮಿಗೆ ತವರಿಗೆ ಬಂದ್ರ, ಅಣ್ಣಗೋಳು ಬಾಗಲಾ ತಗೀಲಿಲ್ಲ. ಅಂಗಳದಾಗ ಹಸದು ಸತ್ತಳು. ಸತ್ತ ಮ್ಯಾಲ ಅಣ್ಣಗೋಳನ್ನ ಒಬ್ಬೊಬ್ಬರನ್ನ ಕುಡದಳು. ಉಳದಾಂವ ಮಾಟಗಾರನ್ನ ಕರಸಿ, ಯಾರಾದ್ರೂ ಕರಿಯೂತನಕ ಆಕಿ ಹೊಸ್ತಿಲಾ ದಾಟಬಾರದಂತ ಏಳು ಮೊಳಿ ಹೊಡಿಸಿದ. ನೀ ಕರದಿ."

"ಇನ್ನೇನು ಮಾಡಲಬೇ?"

"ತವರುಮನಿ ಅಂತ ಕೊಟ್ಟದ್ದನ್ನ ಕಸಗೊಳ್ಳಾಕ ಬರೂದಿಲ್ಲ. ದೀಪಾವಳಿಗೆ ಭಾವುಬೀಜ ಬರ್ತದ. ತಂಗಿ ಅಣ್ಣಗ ಆರತಿ ಬೆಳಗಿ, ಬೇಕಾದ್ದು ಬೇಡೋ ದಿನ. ಅವತ್ತ ಆಕಿ ಉಳದದ್ದೆಲ್ಲಾ ಬೇಡ್ತಾಳ. ಯಾರಿಗೂ ತವರಾಗಲಾರದ ಮನಿ ಇದ್ರ ಅಲ್ಲಿ ಇಡು ನಿನ್ನ ಗಂಡನ್ನ. ಅಂಥಾ ಮನಿ ಭೂಮಿ ಮ್ಯಾಲ ಎಲ್ಲಿ ಅದ?"

ಓಡುವುದೇ ಅಭ್ಯಾಸವಾದವರಿಗೆ ಓಡುವುದೇ ಉಪಾಯವೆಂದು ತೋರುತ್ತದೆ. ಅದೇ ದಿನ ಶಿವಗಂಗವ್ವ ಗಂಟು ಕಟ್ಟಿ, ಕಾಶಪ್ಪನನ್ನು ಬಸ್ಸಿಗೆ ಏರಿಸಿ ಊರಾಚೆಯ ಭೋಸರಿಗೆ ಕರೆದೊಯ್ದಳು. ಕಾರಖಾನೆಗಳ ಬೆನ್ನಿಗಿದ್ದ ಕೂಲಿಯವರ ಸಾಲಿನಲ್ಲಿ ಒಂದು ಖೋಲಿ ಹಿಡಿದರು. ಯಂತ್ರಗಳ ಧಡಧಡ, ಎಣ್ಣೆಯ ವಾಸನೆ. ಎರಡು ದಿನ ಕಾಶಪ್ಪ ರೊಟ್ಟಿ ತಿಂದ. ಮೂರನೆಯ ದಿನ ಬೆಳಿಗ್ಗೆ ಶಿವಗಂಗವ್ವ ನಳದ ಪಾಳಿಯಲ್ಲಿ ಕೊಡ ಹಿಡಿದು ನಿಂತಿದ್ದಳು. ಹಿಂದಿನಿಂದ ತಣ್ಣನೆಯ ಬೆರಳು ಭುಜ ಮುಟ್ಟಿತು.

"ಮನಿ ಬದಲಿ ಮಾಡಿದ್ರಿ. ಮನಿ ಮಗಳಿಗೆ ಒಂದು ಮಾತು ಹೇಳಬಾರದೇನು, ವೈನಿ?"

ಕೊಡ ಬಿಟ್ಟು ಓಡಿಬಂದು ಒಲೆ ಹಚ್ಚಿದಳು. ಹಿಡಿ ಮೆಣಸಿನಕಾಯಿ ಗಂಡನ ಮೈಗೆ ನಿವಾಳಿಸಿ ಬೆಂಕಿಗೆ ಹಾಕಿದಳು. ಕಾಯಿ ಉಬ್ಬಿತು, ಕರಿದಾಯಿತು, ಬೂದಿಯಾಯಿತು. ಘಾಟಿಲ್ಲ. ಒಂದು ಕೆಮ್ಮಿಲ್ಲ. ಚಾಪೆಯ ಮೇಲೆ ಕಾಶಪ್ಪ ಬಣ್ಣ ಹೋದ ಕಾಯಿಯಂತೆ ಮುದುಡಿ ಬಿದ್ದಿದ್ದ.

"ಗಂಗೀ," ಎಂದ. ದನಿ ನೂಲಿನಷ್ಟು ಸಣ್ಣಗಿತ್ತು. "ತಂಗಿ ಬಂದಾಳೇನು? ಒಳಗ ಕರಿ."

ಭಾವುಬೀಜಕ್ಕೆ ಹನ್ನೊಂದೇ ದಿನ ಉಳಿದಿದ್ದವು. ರೊಟ್ಟಿಗೆಂದು ಡಬ್ಬಿಗೆ ಕೈ ಹಾಕಿದಾಗ ಹಿಟ್ಟಿನ ತಳದಲ್ಲಿ ಬೆರಳಿಗೆ ಕಾಗದ ತಗಲಿತು. ಶಿವಗಂಗವ್ವ ಅದನ್ನು ಹೊರಗೆಳೆದಳು. ಯಾರಿಗೂ ತವರಾಗಲಾರದ ಮನೆ. ಯಾವ ಮಗಳೂ ಹಬ್ಬಕ್ಕೆಂದು ಹೋಗದ ಮನೆ. ಯಾವ ಅಣ್ಣನೂ ಬಾಗಿಲು ತೆಗೆದು ಬಾ ಎನ್ನಲಾರದ ಮನೆ. ಸರಕಾರ ಅದನ್ನು ಕಲ್ಲಿನಿಂದ ಕಟ್ಟಿ, ಕಬ್ಬಿಣದ ಸರಳು ಹಾಕಿಸಿ, ಕಾಶಪ್ಪನಿಗಾಗಿಯೇ ಕಾಯ್ದಿಟ್ಟಿತ್ತು. ನಾಲ್ಕು ತಿಂಗಳಿಂದ ಕಟ್ಟಿಕೊಂಡಿದ್ದ ಹಿಟ್ಟನ್ನು ಕೊಡವಿ, ಅಂಟು ಬಿಡಿಸಿ, ಯಾರ್ಡಿನ ವಿಳಾಸ ಹೊಡೆದು ಹಾಕಿ ಭೋಸರಿಯ ಖೋಲಿಯ ವಿಳಾಸ ಬರೆದಳು. ಅನ್ನದ ಅಗುಳಿನಿಂದ ಮತ್ತೆ ಅಂಟಿಸಿದಳು.

ಅಂಚೆಡಬ್ಬಿ ಹೆದ್ದಾರಿಯ ಪಕ್ಕದಲ್ಲಿತ್ತು. ಪಾಳಿ ಮುಗಿಸಿದ ಕೂಲಿಯವರು ಸೈಕಲ್ಲಿನ ಮೇಲೆ ಗುಂಪು ಗುಂಪಾಗಿ ಹೋಗುತ್ತಿದ್ದರು. ಹಾಡುಹಗಲು. ಉಮಾವತಿ ಅವಳ ಜೊತೆಗೇ ಹೆಜ್ಜೆ ಹಾಕುತ್ತ ಬಂದಳು.

"ಯಾರಿಗೆ ಕಾಗದ, ವೈನಿ?"

"ಫೌಜದಾರ ಸಾಹೇಬರಿಗೆ. ನಿಮ್ಮಣ್ಣಗ ಹೊಸಾ ಮನಿ ನೋಡೀನಿ. ಅಲ್ಲಿಗೆ ನಿನ್ನ ಯಾರೂ ಕರಿಯಂಗಿಲ್ಲ."

ಉಮಾವತಿಯ ಮುಖದ ನಗು ಒಂದು ಕ್ಷಣ ಆರಿತು. ಆಮೇಲೆ ಮೆಲ್ಲಗೆ ಮತ್ತೆ ಹೊತ್ತಿಕೊಂಡಿತು. "ಅಣ್ಣ ಹೋದ್ರ ತವರು ಮುರೀತದೇನು? ಕುಂಕುಮ ಹಚ್ಚಿದ ಕೈ ನಿಂದು. ಕರದ ಬಾಯಿ ನಿಂದು. ವೈನಿ ಇರೋತನಕ ನನಗ ತವರು ಅದ."

ಶಿವಗಂಗವ್ವ ಅವಳ ಬೆಣ್ಣೆಯ ಕೈಗಳನ್ನು ನೋಡಿದಳು. ಮುಂಜಾನೆ ಖಾರ ಅರೆದ ತನ್ನ ಬೆರಳನ್ನು ಎತ್ತಿ ಕಣ್ಣಿಗೆ ಒತ್ತಿ ಉಜ್ಜಿಕೊಂಡಳು. ಉರಿಯಲಿಲ್ಲ. ತಣ್ಣಗಿತ್ತು. ಅಂದರೆ ದೃಷ್ಟಿ ಆಗಲೇ ತನ್ನ ಕಡೆಗೆ ತಿರುಗಿದೆ.

ಪತ್ರವನ್ನು ಹಿಂದಕ್ಕೆ ಸೆಳೆದುಕೊಂಡರೆ ತಾನು ಉಳಿದಾಳು. ಹನ್ನೊಂದು ದಿನಕ್ಕೆ ಕಾಶಪ್ಪ ಇವಳ ತೊಡೆಯ ಮೇಲೆ, ಆ ನಗು ನಗುತ್ತ, ಇವಳವನಾಗಿ ಸತ್ತಾನು. ಆ ನಗು ನೆನಪಾದದ್ದೇ ತಡ, ಅವಳು ಡಬ್ಬಿಯ ಕಡೆಗೆ ಇನ್ನೊಂದು ಹೆಜ್ಜೆ ಇಟ್ಟಳು. ಗಲ್ಲಿಗೆ ಹೋಗಲಿ, ಜೈಲಿನಲ್ಲಿ ಕಲ್ಲು ಒಡೆಯಲಿ. ತನಗೆ ಸಿಗದಿದ್ದರೂ ಚಿಂತೆಯಿಲ್ಲ, ಇವಳಿಗೆ ಸಿಗಬಾರದು.

"ಹಂಗಾರ ಹಬ್ಬಕ್ಕ ಬಾರವ್ವ," ಎಂದಳು ನಾದಿನಿಗೆ. "ಮನ್ಯಾಗ ಇಬ್ಬರೇ ಇರೂಣು."

ಕೆಂಪು ಡಬ್ಬಿಯ ಬಾಯಿಗೆ ಪತ್ರ ಹಿಡಿದು ಬೆರಳು ಬಿಟ್ಟಳು. ಒಳಗೆ ಅದು ತಳಕ್ಕೆ ಬಿದ್ದ ಸದ್ದು ಇಬ್ಬರಿಗೂ ಕೇಳಿಸಿತು.